ಒಂದು ಕೋಮಾ ಕೆಳಗೆ

ಮಾರ್ಚ್ 9, 1998, ಸೋಮವಾರ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳೆಂದರೆ ನಾನೇ. ಈಸ್ಟರ್ ಹತ್ತಿರ ಬಂತು. ಇಗರ್ಜಿಯ ಕ್ವಾಯರ್‌ನಲ್ಲಿ ಗಂಡಸರು ಇನ್ನೂ ಒಬ್ಬರ ಹಿಂದೆ ಒಬ್ಬರು ಓಡುತ್ತಿದ್ದಾರೆ. ಪಿಯಾನೊ ಮಕ್ಕಳಿಗೆ ಮೇ ತಿಂಗಳಲ್ಲಿ ಪರೀಕ್ಷೆ. ಇಷ್ಟರ ನಡುವೆ ಇನ್ನೊಂದು ಕೆಲಸ ಒಪ್ಪಿಕೊಂಡು ಬಂದಿದ್ದೇನೆ.

ಹೊರದೇಶದವರೇ ತುಂಬಿರುವ ಮಾಂಟ್ ಕಿಯಾರಾ ಬಡಾವಣೆಯಲ್ಲಿ ದೆಫ್ನೆಯ ಪಿಯಾನೊ ಪಾಠ ಮುಗಿಸಿ ಏಳುವಾಗ ಅವಳ ತಾಯಿ ಸೆವ್ಗಿ ಕೈಹಿಡಿದು ಕೂರಿಸಿದಳು. ಅವರು ತುರ್ಕಿಯವರು, ಗಂಡ ಇಲ್ಲಿಯ ಕಟ್ಟಡ ಕಂಪೆನಿಯೊಂದರಲ್ಲಿ ಎಂಜಿನಿಯರ್. ಎ.ಸಿ.ಗೆ ಹೆದರಿ ಯಾವಾಗಲೂ ಶಾಲು ಹೊದ್ದು ಮೂಲೆಯಲ್ಲಿ ಕೂರುವ ಮುದುಕರು ಸೆವ್ಗಿಯ ತಂದೆ, ನೆಜಾತಿ ಬೇ. 'ಬೇ' ಅಂದರೆ ನಮ್ಮ 'ರಾಯರು' ಇದ್ದ ಹಾಗೆ. ಅವರಿಗೆ ಗಂಟಲಿನ ಕ್ಯಾನ್ಸರ್ ಅಂತೆ. ಈಸ್ಟರ್ ಕಳೆದ ಮೇಲೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಊರಿಗೆ ಹೋಗಿ ಮಾಡಿಸುವಷ್ಟು ಸಮಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಅವರ ಹತ್ತಿರ ಮೂರು ಹಾಡುಗಳಿವೆ. ಅವರ ಗುರು ಸುಹೇಲಾ ಎಂಬಾಕೆ ಕಟ್ಟಿದ್ದು, ಇವರೊಬ್ಬರಿಗೇ ಕಲಿಸಿದ್ದು. ಆಕೆ ತೀರಿಹೋಗಿ ಬಹಳ ವರ್ಷವಾಯಿತು. ಎಲ್ಲಿಯೂ ಬರೆದಿಟ್ಟಿಲ್ಲ. "ನಾನು ಹಾಡಿದರೆ ಅಪ್ಪ ಕಿವಿ ಮುಚ್ಚಿಕೊಳ್ಳುತ್ತಾರೆ" ಎಂದು ಸೆವ್ಗಿ ನಕ್ಕಳು, ನಗುತ್ತಲೇ ಅತ್ತಳು.

"ಟೇಪ್ ಮಾಡಿ ಇಟ್ಟುಕೊಳ್ಳಿ" ಅಂದೆ. ಮುದುಕರು ಬೇಡವೆಂದು ಕೈಯಾಡಿಸಿದರು. ಅವರಿಗೆ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ. "ಈ ಗಂಟಲು ಕೆಟ್ಟಿದೆ. ಟೇಪ್ ಕೇಳಿದವರು ಕೆಟ್ಟದ್ದನ್ನೇ ಹಾಡು ಅಂತ ಕಲಿಯುತ್ತಾರೆ. ನಾನು ಹಾಡಬೇಕು ಅಂದುಕೊಂಡದ್ದನ್ನು ನೀವು ಬರೆಯಿರಿ, ಬರ್ನಾಡೆಟ್ ಹಾನಿಮ್" ಅಂದರು. ಹಾನಿಮ್ ಅಂದರೆ ಅಮ್ಮನವರು. ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ಕರೆದದ್ದಿಲ್ಲ, ಅದಕ್ಕೇ ಮರುಳಾದೆ. ಮೂರು ಹಾಡು ತಾನೆ! ಸ್ವರಲಿಪಿ ನೋಡಿಯೇ ಹೊಟ್ಟೆ ಹೊರೆಯುವವಳು ನಾನು.

ಮಾರ್ಚ್ 12, ಗುರುವಾರ

ನಮ್ಮಲ್ಲಿ ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಹೋಗುವಾಗ ನಡುವೆ ಒಂದೇ ಕಪ್ಪು ಕೀ. ಅವರಲ್ಲಿ ಅಷ್ಟೇ ದೂರವನ್ನು ಒಂಬತ್ತು ಪಾಲು ಮಾಡುತ್ತಾರೆ. ಒಂದು ಪಾಲಿಗೆ ಕೋಮಾ ಎಂದು ಹೆಸರು. ಸ್ವರ ತಗ್ಗಿಸಲು ನಮಗೆ ಒಂದೇ ಫ್ಲ್ಯಾಟ್ ಚಿಹ್ನೆ ಸಾಕು. ಅವರಿಗೆ ಅದರ ನಾಲ್ಕು ಬಗೆ ಬೇಕು, ಗೀಟು ಎಳೆದದ್ದು, ಎಳೆಯದ್ದು ಹೀಗೆ. ಒಂದೇ ಒಂದು ಕೋಮಾ ತಗ್ಗಿಸಲು ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಫ್ಲ್ಯಾಟ್. ಸೆವ್ಗಿ ಊರಿನಿಂದ ಅವರ ಸಂಗೀತದ ಒಂದು ಪುಸ್ತಕದ ಪುಟಗಳನ್ನು ಫ್ಯಾಕ್ಸ್ ಮಾಡಿಸಿ ತರಿಸಿದ್ದಾಳೆ.

ಮುದುಕರು ನನ್ನೆದುರು ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತರು. ತೊಡೆಯ ಮೇಲೆ ಎರಡೂ ಕೈಯಿಂದ ತಾಳ ಹಾಕುತ್ತಾ ಒಂದು ಸಾಲು ಹಾಡಿದರು. ನಾನು ಪೆನ್ಸಿಲ್ ಎತ್ತಿದೆ. ಅವರು ಅದನ್ನು ತೆಗೆದು ಮೇಜಿನ ಮೇಲಿಟ್ಟರು. "ಮೊದಲು ಬಾಯಿ, ಆಮೇಲೆ ಕಾಗದ" ಅಂದರು. ಅವರ ಕಲಿಕೆಯೇ ಹಾಗಂತೆ, ಗುರು ಒಂದು ಸಾಲು, ಶಿಷ್ಯ ಒಂದು ಸಾಲು, ಕೂಡುವವರೆಗೆ.

"ನನ್ನದು ಕೈಯ ವಿದ್ಯೆ, ಬಾಯಿಯದ್ದಲ್ಲ. ದಿನ ಕಡಿಮೆ ಇದೆ. ನೀವು ಹಾಡಿ, ನಾನು ಬರೆಯುತ್ತೇನೆ" ಅಂದೆ. ಅವರು ಮಗಳ ಮುಖ ನೋಡಿ ಪೆನ್ಸಿಲನ್ನು ನನ್ನತ್ತ ಸರಿಸಿದರು.

ಎರಡು ಗಂಟೆ ಕೂತು ನಾಲ್ಕು ಸಾಲು. ಕೋಮಾ ನನ್ನ ಕಿವಿಗೆ ಬೀಳುವುದೇ ಇಲ್ಲ.

ಮಾರ್ಚ್ 19, ಗುರುವಾರ

ಪೇಟೆ ಕುಸಿದು ಬಂದರಿನಲ್ಲಿ ಕಂಟೈನರ್ ಇಲ್ಲ, ಕೆಲಸವಿಲ್ಲ. ಗಂಡ ಸಿರಿಲ್ ಬೇಗ ಮನೆಗೆ ಬಂದು ನನ್ನನ್ನು ಕಾಡಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾನೆ.

"ಎಂತ ಮಾರಾಯ್ತಿ, ಇಷ್ಟು ಹೊತ್ತು ಅಳಿಸಿ ಅಳಿಸಿ ಕಾಗದಕ್ಕೆ ತೂತು ಬಿತ್ತಲ್ಲ?"

"ಇದು ಸಿ ಅಲ್ಲ, ಬಿ ಅಲ್ಲ, ಬಿ ಫ್ಲ್ಯಾಟೂ ಅಲ್ಲ. ಮಧ್ಯದಲ್ಲಿ ಎಲ್ಲೋ ಉಂಟು."

"ಹಾಗಾದರೆ ಮಧ್ಯದಲ್ಲಿ ಎಲ್ಲೋ ಉಂಟು ಅಂತಲೇ ಬರೆ. ಮುಗೀತು ಲಾ." ಇಲ್ಲಿಯವರು ಮಾತಿನ ತುದಿಗೆ ಸೇರಿಸುವ 'ಲಾ' ಅವನ ನಾಲಗೆಗೂ ಅಂಟಿಕೊಂಡಿದೆ.

ಈ ದಿನಚರಿ ಕನ್ನಡದಲ್ಲಿರುವುದೇ ಲೇಸು. ಮನೆಯಲ್ಲಿ ಕೊಂಕಣಿ, ಹೊರಗೆ ಇಂಗ್ಲಿಷ್. ಸಿರಿಲ್‌ಗೆ ಕನ್ನಡ ಓದಲು ಬರುತ್ತದೆ, ಆದರೆ ನನ್ನ ಅಕ್ಷರ ಓದುವಷ್ಟು ತಾಳ್ಮೆ ಇಲ್ಲ.

ಮೊದಲ ಹಾಡಿನಲ್ಲಿ ತೊಡಕು ಒಂದೇ ಸ್ವರದ್ದು. ಆಧಾರ ಸ್ವರದ ಮೇಲಿನದು, ಸರಿಗಮದಲ್ಲಾದರೆ ರಿ. ಪುಸ್ತಕದ ಪ್ರಕಾರ ಅದು ಒಂದು ಕೋಮಾ ಕೆಳಗೆ. ಮೇಲೆ ಹತ್ತುವಾಗ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇಳಿಯುವಾಗ ಅವರ ದನಿ ಇನ್ನೂ ಕೆಳಕ್ಕೆ ಕುಸಿಯುತ್ತದೆ, ಹಿಂದೆಯೇ ಕೆಮ್ಮು. ಇದು ಹಾಡೋ ರೋಗವೋ ಎಂದು ಕೇಳಬೇಕು. ಹೇಗೆ ಕೇಳಲಿ? ಮುಂದಿನ ತಿಂಗಳು ದನಿಯನ್ನೇ ಕಳೆದುಕೊಳ್ಳುವ ಮನುಷ್ಯನಿಗೆ 'ನಿಮ್ಮ ಸ್ವರ ಬೀಳುತ್ತಿದೆ' ಎನ್ನಲು ನಾಲಗೆ ಏಳಲಿಲ್ಲ. ಅವರೇ ಹೇಳಿದ್ದಾರಲ್ಲ, ಹಾಡಬೇಕು ಅಂದುಕೊಂಡದ್ದನ್ನು ಬರೆಯಿರಿ ಎಂದು. ಕುಸಿದಲ್ಲೆಲ್ಲ ಎತ್ತಿ ನಿಲ್ಲಿಸಿ, ಪುಸ್ತಕದ ಚಿಹ್ನೆಯನ್ನೇ ಹಾಕಿದೆ. ಪುಟ ಅಚ್ಚುಕಟ್ಟಾಗಿ ಕಾಣುತ್ತಿದೆ. ಅವರಿಗೆ ಸ್ವರಲಿಪಿ ಓದಲು ಬರುವುದಿಲ್ಲ, ಆದರೂ ಪುಟದ ಮೇಲೆ ಕೈಯಾಡಿಸಿ ಸಂತೋಷಪಟ್ಟರು.

ಮಾರ್ಚ್ 27, ಶುಕ್ರವಾರ

ಎರಡನೆಯ ಹಾಡೂ ಮುಗಿಯಿತು. ಎದುರುಮನೆಯ ವಾರಿಜಾಕ್ಷಿ ತಮಿಳರ ಅಂಗಡಿಯಿಂದ ಕರಿಬೇವು ತಂದುಕೊಡಲು ಬಂದವಳು ಪುಟಗಳನ್ನು ನೋಡಿದಳು. ಮೈಸೂರಿನವಳು, ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ.

"ಇಷ್ಟೊಂದು ಗುರುತು ಯಾಕ್ರೀ? ನಮ್ಮಲ್ಲಿ ಗಮಕಾನ ಯಾರು ಬರೀತಾರೆ? ಪುಸ್ತಕದಲ್ಲಿ ರಿ ಅಂತ ಒಂದಕ್ಷರ ಇರತ್ತೆ, ಅಷ್ಟೆ. ಆ ರಿ ಎಲ್ಲಿದೆ ಅಂತ ಮೇಷ್ಟ್ರು ಹಾಡಿ ತೋರಿಸ್ಬೇಕು. ನೀವು ಒಂದ್ಸಲ ಅವರ ಜೊತೆ ಹಾಡಿ ನೋಡಿ, ಬರ್ನಾಡೆಟ್."

ಅವಳಿಗೇನು, ಅವಳ ಮೇಷ್ಟ್ರ ಗಂಟಲು ನೆಟ್ಟಗಿತ್ತು.

ಏಪ್ರಿಲ್ 2, ಗುರುವಾರ

ಮೂರನೆಯ ಹಾಡು. ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಸಲ ಹಾಡಲು ಅವರಿಂದಾಯಿತು. ಎರಡನೆಯ ಸಾಲಿನ ತುದಿಯಲ್ಲಿ ಒಂದು ಕಡೆ ದನಿ ಎಲ್ಲಿಗೋ ಹೋಗಿಬಿಟ್ಟಿತು. ಕೆಮ್ಮಿದರು, ಕರವಸ್ತ್ರ ಕೆಂಪಾಯಿತು. ಸೆವ್ಗಿ ಸಾಕು ಅಂದಳು. ಅವರು ಕೇಳಲಿಲ್ಲ, ಮುಂದುವರಿಸಿದರು.

ಬ್ಯಾಗಿನಲ್ಲಿ ಮಗಳು ನತಾಶಾಳ ಸಣ್ಣ ಟೇಪ್‌ರೆಕಾರ್ಡರ್ ಇತ್ತು. ಕದ್ದು ಒತ್ತಿದರಾಯಿತು ಎಂದುಕೊಂಡೇ ಹೋಗಿದ್ದೆ. ಕೈ ಬ್ಯಾಗಿನೊಳಗೆ ಹೋಯಿತು, ಬಟನ್ ಸಿಕ್ಕಿತು, ಒತ್ತಲಿಲ್ಲ. ಅವರು ಅಷ್ಟು ನಂಬಿ ಎದುರು ಕೂತಿದ್ದರು.

ಆ ಒಂದು ಕಡೆ ನಾನು ಮೊದಲು ಕೇಳಿಸಿದಂತೆ ಒಂದು ಗುರುತು ಹಾಕಿದ್ದೆ. ಮನೆಗೆ ಬಂದು ಅದನ್ನು ರಬ್ಬರಿನಿಂದ ಅಳಿಸಿ ಪುಸ್ತಕದ ಹಾಗೆ ಬರೆದೆ.

ಏಪ್ರಿಲ್ 12, ಈಸ್ಟರ್

ಹಲ್ಲೆಲೂಯ ಚೆನ್ನಾಗಿ ಬಂತೆಂದು ಎಲ್ಲರೂ ಹೊಗಳಿದರು. ನನಗೆ ಮಾತ್ರ ಆರ್ಗನ್ ಯಾಕೋ ಒರಟಾಗಿ ಕೇಳಿಸಿತು. ಹಬ್ಬದ ಹಂದಿಮಾಂಸದ ಸಾರ್ಪೊಟೆಲ್ ಮಾಡಲು ಬೆಳಗಿನ ಜಾವವೇ ಎದ್ದಿದ್ದೆ, ತಲೆನೋವು ಇರಬೇಕು.

ಏಪ್ರಿಲ್ 20, ಸೋಮವಾರ

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ ಎಂದು ಸೆವ್ಗಿ ಫೋನ್ ಮಾಡಿದಳು.

ಮೇ 8, ಶುಕ್ರವಾರ

ನಮ್ಮ ಪಿಯಾನೊ ಕೆಟ್ಟಿದೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಬಕೆಟ್ ತುಂಬಿಸುವ ಗಡಿಬಿಡಿಯಲ್ಲೇ ಟ್ಯೂನರ್ ಲಿಮ್‌ನನ್ನು ಕರೆಸಿದೆ. ಅವನು ಒಂದೊಂದೇ ತಂತಿ ನೋಡಿ ಕೊನೆಗೆ "ಎಲ್ಲಾ ಸರಿ ಇದೆ ಲಾ, ಮೇಡಂ" ಅಂದ. ಈ ಬಿ ಬಹಳ ಮೇಲಿದೆ ಅಂದೆ. ಮಾಪಕ ತೋರಿಸಿದ. ಮುಳ್ಳು ನೆಟ್ಟಗೆ ನಡುವಿನಲ್ಲಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಸಿರಿಲ್ ಅಡುಗೆಮನೆಯಿಂದಲೇ ಹೇಳಿದ. ಮಾಪಕವೇ ಕೆಟ್ಟಿರಬೇಕು. ಬೇರೆ ಟ್ಯೂನರನನ್ನು ಹುಡುಕುತ್ತೇನೆ.

ಮೇ 14, ಗುರುವಾರ

ಶುದ್ಧಪ್ರತಿಗಳಿಗೆ ದಾರ ಕಟ್ಟಿ ಉಡುಗೊರೆಯ ಹಾಗೆ ತೆಗೆದುಕೊಂಡು ಹೋದೆ. ನೆಜಾತಿ ಬೇ ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಕುತ್ತಿಗೆಯಲ್ಲಿ ಉಸಿರಾಡಲು ತೂತು, ಅದರ ಮೇಲೆ ಬಿಳಿ ಬಟ್ಟೆ. ದೆಫ್ನೆಯ ಸ್ಲೇಟಿನಲ್ಲಿ ಬರೆದು ಮಾತಾಡುತ್ತಾರೆ, ಮಗಳು ಓದಿ ಹೇಳುತ್ತಾಳೆ.

ಹಾಡು ಕೇಳಬೇಕು ಎಂದು ಬರೆದರು. ಪಿಯಾನೊದಲ್ಲಿ ಕೋಮಾ ಇಲ್ಲ. ಬೇರೆ ದಾರಿಯಿಲ್ಲದೆ ಕಾಗದ ಹಿಡಿದು ನಾಚುತ್ತಲೇ ಹಾಡಿದೆ. ಮೇಲೆ ಹತ್ತುವಾಗ ತಲೆದೂಗಿದರು. ಇಳಿಯುವಾಗ ಮುಖ ಕಿವುಚಿದರು, ಅಂಗೈ ಕೆಳಗೆ ಒತ್ತಿದರು. ತಗ್ಗಿಸಿದೆ. ಇನ್ನೂ ಒತ್ತಿದರು. ಇನ್ನೂ ತಗ್ಗಿಸಿದೆ. ಕೈ ನಿಂತಿತು. ಅವರ ದನಿ ಪ್ರತಿ ಸಲವೂ ಬಂದು ನಿಲ್ಲುತ್ತಿದ್ದ ಜಾಗ ಅದು.

ಕುಸಿತವಲ್ಲ, ಅದೇ ಹಾಡು. ಹತ್ತುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ, ಎರಡಕ್ಕೂ ಕಾಗದದಲ್ಲಿ ಒಂದೇ ಚಿಹ್ನೆ. ಅವರ ಊರಿನವರಿಗೆ ಅದು ಗೊತ್ತು, ಅದಕ್ಕೇ ಪುಸ್ತಕ ಹೇಳುವುದಿಲ್ಲ. ನಾನು ಮೂರೂ ಹಾಡುಗಳಲ್ಲಿ ಕಂಡಕಂಡಲ್ಲಿ ಎತ್ತಿ ನಿಲ್ಲಿಸಿದ್ದೇನೆ, ಕರುಣೆ ತೋರಿಸಿದ್ದೇನೆ.

ಮೇ 15

ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಗ ಅವರಿಗೆ ದನಿ ಇತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮೇ 28, ಗುರುವಾರ

ಈಗ ಮೊಣಕಾಲಿಗೆ ಮೊಣಕಾಲು ತಾಗಿಸಿಯೇ ಕೂರುತ್ತೇವೆ. ನಾನು ಹಾಡುತ್ತೇನೆ, ಅವರು ಅಂಗೈಯಿಂದ ಎತ್ತುತ್ತಾರೆ, ಒತ್ತುತ್ತಾರೆ. ಮೊದಮೊದಲು ಪ್ರತಿ ಸ್ವರದ ಕೆಳಗೆ ಬಾಣದ ಗುರುತು ಹಾಕುತ್ತಿದ್ದೆ. ಬಾಣಗಳು ಹೆಚ್ಚಾಗಿ ಪುಟವೇ ಮುಳ್ಳಿನ ಪೊದೆಯಾಯಿತು. ಬರೆಯಲು ನಿಂತರೆ ತಾಳ ತಪ್ಪುತ್ತದೆ, ಅದಕ್ಕೆ ಇವತ್ತು ಪೆನ್ಸಿಲ್ ಬ್ಯಾಗಿನಲ್ಲೇ ಇತ್ತು. ಆಮೇಲೆ ಬರೆದರಾಯಿತು. ಮೊದಲ ಹಾಡು ಕೂಡಿತು.

ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅದನ್ನೇ ಗುನುಗುತ್ತಿದ್ದೆನಂತೆ. ನತಾಶಾ ಬಂದು "ಮಮ್ಮಿ, ದಟ್ ನೋಟ್ ಡಸಂಟ್ ಎಗ್ಸಿಸ್ಟ್" ಅಂದಳು. ಹನ್ನೆರಡು ವರ್ಷಕ್ಕೇ ಪಿಯಾನೊ ಗ್ರೇಡ್ ಫೈವ್ ಪಾಸಾದವಳ ಜಂಬ.

ಜೂನ್ 7, ಭಾನುವಾರ

ಪೂಜೆಯಾದ ಮೇಲೆ ಫಾದರ್ ಕೇಳಿದರು, ಗಂಟಲು ಸರಿಯಿಲ್ಲವೇ, ಆರ್ಗನ್ ಜೊತೆ ಹಾಡುವಾಗ ಸ್ವರ ಕೂಡುತ್ತಿಲ್ಲವಲ್ಲ ಎಂದು. ಶೀತ ಅಂದೆ. ನನಗೆ ವಯಸ್ಸಾಗುತ್ತಿದೆ, ಕಿವಿ ಹೋಗುತ್ತಿದೆ. ಪಿಯಾನೊ ಟೀಚರಿನ ಕಿವಿ ಹೋದರೆ ಇನ್ನೇನು ಉಳಿಯಿತು?

ಜೂನ್ 11, ಗುರುವಾರ

ಎರಡನೆಯ ಹಾಡೂ ಕೂಡಿತು. ಸಂತೋಷಪಡುವ ಮೊದಲೇ ಸೆವ್ಗಿ ಹೇಳಿದಳು, ಅರ್ಧ ಕಟ್ಟಿದ ಕಟ್ಟಡವನ್ನು ಹಾಗೇ ಬಿಟ್ಟು ಗಂಡನ ಕಂಪೆನಿ ಬಾಗಿಲು ಹಾಕುತ್ತಿದೆ. ಜುಲೈ ಮೊದಲ ವಾರ ಊರಿಗೆ ಹೊರಡುತ್ತಾರೆ.

ಜೂನ್ 25, ಗುರುವಾರ

ಮೂರನೆಯ ಹಾಡು ಆ ಒಂದು ಜಾಗದ ತನಕ ಸರಾಗವಾಗಿ ಬಂತು. ನಾನು ಅಳಿಸಿದ ಜಾಗ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ.

ಕೆಳಗೆ ಹಾಡಿದೆ. ಅವರ ಅಂಗೈ ಮೇಲೆದ್ದಿತು. ಮೇಲೆ ಹಾಡಿದೆ. ಅಂಗೈ ಕೆಳಗಿಳಿಯಿತು. ನಡುವೆ ಹಾಡಿದೆ. ಕೈ ಅತ್ತಿತ್ತ ಅಲ್ಲಾಡಿ ಎಲ್ಲಿಯೂ ನಿಲ್ಲಲಿಲ್ಲ. ತಾವೇ ತೋರಿಸುತ್ತೇನೆಂದು ಬಾಯಿ ತೆರೆದರು. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು. ಮತ್ತೊಮ್ಮೆ ತೆರೆದರು. ಆಮೇಲೆ ಕೈಯನ್ನು ಕುತ್ತಿಗೆಯ ಬಟ್ಟೆಯ ಮೇಲೆ ಇಟ್ಟುಕೊಂಡು ಮಗಳನ್ನು ನೋಡಿದರು. ಕಿಸೆಯಲ್ಲಿದ್ದ ಮನೆಯ ಬೀಗದ ಕೈ ಹುಡುಕುವವರ ಮುಖ.

ಸ್ಲೇಟಿನಲ್ಲಿ ಏನೋ ಬರೆದರು. ಸೆವ್ಗಿ ತಡೆದು ತಡೆದು ಓದಿದಳು: "ನನಗೂ ಸಿಗುತ್ತಿಲ್ಲ. ಅದು ಗಂಟಲಿಗೆ ಗೊತ್ತಿತ್ತು."

ನನ್ನ ಪುಟ್ಟ ಕಾಂಚಿಲ್ ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ. ಕಾರ್ ಪಾರ್ಕಿನ ಕಾವಲುಗಾರ ಬಂದು ಎಂಜಿನ್ ಕೆಟ್ಟಿತೇ ಎಂದು ಕೇಳಿದ.

ಜುಲೈ 2, ಗುರುವಾರ

ಮನೆ ತುಂಬ ಪೆಟ್ಟಿಗೆಗಳು. ಕೂರಲು ಎರಡೇ ಕುರ್ಚಿ ಉಳಿದಿದ್ದವು. ಮತ್ತೆ ಆ ಜಾಗ, ಮತ್ತೆ ಆ ಕೈ. ಮೇಲೆ, ಕೆಳಗೆ, ಅಲ್ಲ, ಅಲ್ಲ. ಅವರ ಕಣ್ಣಿನಲ್ಲಿ ನೀರು. ಆ ಕೈಯನ್ನು ಇನ್ನೊಂದು ಸಲ ನೋಡಲು ನನ್ನಿಂದಾಗುತ್ತಿರಲಿಲ್ಲ.

ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಿ, ಮೊದಲ ಸಾಲಿನಿಂದ ಹಾಡಿದೆ. ಆ ಜಾಗ ಬಂತು, ದಾಟಿತು. ಅಲ್ಲಿ ಏನು ಹಾಡಿದೆನೋ ಗೊತ್ತಿಲ್ಲ. ಯೋಚಿಸಲಿಲ್ಲ, ಎಣಿಸಲಿಲ್ಲ, ಗಂಟಲು ಹೋದಲ್ಲಿಗೆ ಹೋದೆ. ಮುಗಿದರೆ ಸಾಕಿತ್ತು.

ಕಣ್ಣು ತೆರೆದಾಗ ಅವರ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಳುತ್ತಿದ್ದರು, ತಲೆದೂಗುತ್ತಿದ್ದರು. ಮತ್ತೊಮ್ಮೆ ಎಂದು ಬೆರಳು ತೋರಿಸಿದರು. ಹಾಡಿದೆ. ಮತ್ತೂ ಒಮ್ಮೆ. ಸೆವ್ಗಿ ನನ್ನನ್ನು ಅಪ್ಪಿಕೊಂಡು "ಸಿಕ್ಕಿತು, ಸಿಕ್ಕಿತು" ಎಂದು ಕೂಗಿದಳು. ಹೌದು ಅಂದೆ. ಏನೂ ಸಿಕ್ಕಿರಲಿಲ್ಲ. ಅಸಹಾಯಕಳಾಗಿ ಬಾಯಿಗೆ ಬಂದದ್ದನ್ನು ಹಾಡಿದ್ದೆ. ಆ ಮುದುಕರು ದಣಿದು ಒಪ್ಪಿಕೊಂಡರೋ, ನಿಜವಾಗಿಯೂ ಅದೇ ಎಂದು ಒಪ್ಪಿಕೊಂಡರೋ ನನಗೆ ಎಂದಿಗೂ ತಿಳಿಯುವುದಿಲ್ಲ.

ಕಾಗದದಲ್ಲಿ ಆ ಜಾಗಕ್ಕೆ ಯಾವ ಚಿಹ್ನೆ ಹಾಕಲಿ? ಯಾವುದೂ ಹೊಂದಲಿಲ್ಲ. ಪುಸ್ತಕದ್ದನ್ನೇ ಬಿಟ್ಟೆ.

ಜುಲೈ 6, ಸೋಮವಾರ

ಹೊರಟರು. ಸೆಪಾಂಗಿನ ಹೊಸ ಏರ್‌ಪೋರ್ಟ್ ತೆರೆದು ವಾರವಾಗಿದೆ, ಎಲ್ಲಿ ನೋಡಿದರೂ ದಾರಿ ತಪ್ಪಿದ ಜನ. ಗಾಲಿಕುರ್ಚಿಯಲ್ಲಿ ಕೂತ ನೆಜಾತಿ ಬೇ ನನ್ನ ಕೈಯನ್ನು ತಮ್ಮ ಹಣೆಗೆ ಮುಟ್ಟಿಸಿಕೊಂಡರು. ಅವರಲ್ಲಿ ಅದನ್ನು ಹಿರಿಯರಿಗೆ ಮಾಡುವುದಂತೆ. ನನಗೆ ಭೂಮಿ ಬಾಯ್ದೆರೆದರೆ ಸಾಕೆನಿಸಿತು.

"ಕೆಲಸ ಮುಗೀತಲ್ಲ, ಇನ್ನಾದರೂ ಸ್ವಲ್ಪ ನಗು ಮಾರಾಯ್ತಿ" ಎಂದ ಸಿರಿಲ್. ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ಪರೋಟದಂಥ ರೊಟ್ಟಿ ಚನಾಯ್ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿ ತಂದ. ನನಗೆ ತಿನ್ನಲಾಗಲಿಲ್ಲ.

ಆಗಸ್ಟ್ 2, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ತುರ್ಕಿಯಿಂದ ಫೋನ್ ಬಂತು. ಸೆವ್ಗಿ. ಅಲ್ಲಿ ಒಬ್ಬಳು ಹಾಡುವ ಹುಡುಗಿ ಸಿಕ್ಕಿದ್ದಾಳೆ. ಎರಡು ಹಾಡು ಕಲಿತಿದ್ದಾಳೆ. ಮೂರನೆಯದನ್ನು ಕಾಗದ ನೋಡಿ ಹಾಡಿದರೆ ಆ ಜಾಗದಲ್ಲಿ ಅಪ್ಪ ಕೈಯೆತ್ತಿ ನಿಲ್ಲಿಸುತ್ತಾರೆ. ಬರ್ನಾಡೆಟ್ ಹಾನಿಮ್ ಹಾಡಿದ ಹಾಗೆ ಎಂದು ಸ್ಲೇಟಿನಲ್ಲಿ ಬರೆಯುತ್ತಾರೆ. ಬೇರೇನೂ ಬರೆಯುವುದಿಲ್ಲ.

ಅಂದು ಏನೂ ಸಿಕ್ಕಿರಲಿಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಫೋನಿನಲ್ಲಿ ಅವರ ಕುತ್ತಿಗೆಯ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು, ರಿಸೀವರ್‌ಗೆ ಅವರೂ ಕಿವಿಗೊಟ್ಟಿದ್ದರು.

ಹಾಡಿದೆ. ಸಿರಿಲ್ ಮತ್ತು ನತಾಶಾ ಮೀನು ಸಾರಿನಲ್ಲಿ ಕೈಯಿಟ್ಟುಕೊಂಡೇ ನೋಡುತ್ತಿದ್ದರು. ಆ ಕಡೆಯಿಂದ ಹುಡುಗಿ ನನ್ನ ಹಿಂದೆ ಹಾಡಿದಳು, ಎಳೆಯ ಸ್ಪಷ್ಟ ದನಿ. ಆ ಜಾಗದಲ್ಲಿ ಕೂದಲೆಳೆಯಷ್ಟು ಮೇಲೆ ನಿಂತಳು.

"ಅಲ್ಲ, ಸ್ವಲ್ಪ ಕೆಳಗೆ" ಅಂದೆ. ಮತ್ತೆ ಹಾಡಿದಳು. "ಇನ್ನೂ ಕೆಳಗೆ."

"ಮಮ್ಮಿ, ಯುವರ್ ಹ್ಯಾಂಡ್" ಎಂದು ನತಾಶಾ ಪಿಸುಗುಟ್ಟಿದಳು. ನನ್ನ ಬಲಗೈ ಗಾಳಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಹುಡುಗಿ ಮೂರನೆಯ ಸಲ ಸರಿಯಾಗಿ ಬಂದು ನಿಂತಳು. ಇದೇ, ಇಷ್ಟೇ ಅಂದೆ. ಯಾರನ್ನು ಕೇಳಿ ಹೇಳಿದೆ, ದೇವರೇ? ಅವಳು ನನಗೆ ಥ್ಯಾಂಕ್ಸ್ ಹೇಳಿ, ಮರೆಯದಿರಲೆಂದು ಅದನ್ನೇ ಮತ್ತೆ ಮತ್ತೆ ಹಾಡಿಕೊಳ್ಳತೊಡಗಿದಳು.